ಮಾತಿಗೂ ಟಿಕೆಟ್ ಕೇಳಬೇಕು

ಮಗ ಡಿಗ್ರಿ ಮುಗಿಸಿದ ಮರುವರ್ಷ ನಾನೂ ಬಿ.ಎ. ಮುಗಿಸಿದೆ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಕಡೆಯ ಕೆಂಪು ಬಸ್ಸುಗಳಲ್ಲಿ ಇಪ್ಪತ್ತು ವರ್ಷದಿಂದ ನಾನು ಕಂಡಕ್ಟರ್. ಪಿಯುಸಿ ಆದ ವರ್ಷವೇ ಅಪ್ಪ ತೀರಿಕೊಂಡರು, ಓದು ಅಲ್ಲಿಗೇ ನಿಂತಿತು. ನಲವತ್ತೊಂದನೆಯ ವಯಸ್ಸಿನಲ್ಲಿ ಮತ್ತೆ ಓದಲು ಹೊರಟಾಗ ಡಿಪೋದಲ್ಲಿ ಎಲ್ಲರದೂ ಒಂದೇ ಪ್ರಶ್ನೆ: "ಕನ್ನಡ, ಇತಿಹಾಸ, ಸಮಾಜಶಾಸ್ತ್ರ ಓದಿದ್ರ ಪಗಾರ ಹೆಚ್ಚಾಗತೈತೇನೋ?" ಇಲ್ಲ ಅಂದೆ. ಎಲ್ಲರೂ ನಕ್ಕರು.

ಮೊದಲ ಪಾಠ ಕಲಿತದ್ದು ಕಾಲೇಜಿಗೆ ಸೇರುವ ಮೊದಲೇ. "ಆರು ತಿಂಗಳದಾಗ ಡಿಗ್ರಿ ಕೊಡಸ್ತೀವ್ರಿ" ಎಂದ ಒಬ್ಬ ದಲ್ಲಾಳಿಗೆ ಹನ್ನೆರಡು ಸಾವಿರ ರೂಪಾಯಿ ಕೊಟ್ಟು ಕಳೆದುಕೊಂಡೆ. ಸಿಕ್ಕಿದ್ದು ಸೀಲಿಲ್ಲದ ಒಂದು ರಸೀದಿ. ದಿನಕ್ಕೆ ನೂರಾರು ಮಂದಿಗೆ "ಟಿಕೆಟ್ ತೋರಸ್ರಿ" ಎನ್ನುವ ನಾನು ಅವನಿಗೆ ಮಾತ್ರ ಒಂದು ಕಾಗದವನ್ನೂ ಕೇಳಿರಲಿಲ್ಲ. ಎರಡನೆಯ ಸಲ ಹಾಗಾಗಲಿಲ್ಲ. ಮೈಸೂರಿನಲ್ಲಿ 1996ರಲ್ಲಿ ಶುರುವಾದ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯಕ್ಕೆ ಕೆಲವು ವರ್ಷ ನಿಂತಿದ್ದ ಯುಜಿಸಿ ಮಾನ್ಯತೆ 2018ರಲ್ಲಿ ಮರಳಿ ಬಂದಿತ್ತು. ಅದನ್ನು ಖಚಿತ ಮಾಡಿಕೊಂಡೇ ಶುಲ್ಕ ಕಟ್ಟಿದೆ.

ಓದಿದ್ದೆಲ್ಲ ಹೆಚ್ಚಾಗಿ ವಸ್ತಿ ಗಾಡಿಯಲ್ಲಿ. ರಾತ್ರಿ ಹಳ್ಳಿಯಲ್ಲಿ ಬಸ್ಸು ನಿಂತ ಮೇಲೆ ಡ್ರೈವರಣ್ಣ ಹಿಂದಿನ ಸೀಟಿನಲ್ಲಿ ಗೊರಕೆ ಹೊಡೆಯುತ್ತಿದ್ದ. ನಾನು ಲೆಕ್ಕ ಮುಗಿಸಿ, ಸೊಳ್ಳೆ ಹೊಡೆಯುತ್ತ ಒಂದು ತಾಸು ಓದುತ್ತಿದ್ದೆ. ಭಾನುವಾರ ಒಟ್ಟಿಗೆ ಓದಿಬಿಡುತ್ತೇನೆ ಎಂದುಕೊಂಡ ಯಾವ ಭಾನುವಾರವೂ ಕೈಗೆ ಹತ್ತಲಿಲ್ಲ. ಮದುವೆ, ಜಾತ್ರೆ, ತೊಗರಿ ರಾಶಿ, ಏನಾದರೊಂದು ಇದ್ದೇ ಇರುತ್ತಿತ್ತು. ಇನ್ನೊಂದು ತೊಂದರೆಯನ್ನು ಯಾರೂ ಮೊದಲೇ ಹೇಳಿರಲಿಲ್ಲ. ಮಷೀನಿನ ಗುಂಡಿ ಒತ್ತಿ ರೂಢಿಯಾದ ಬೆರಳುಗಳು ಮೂರು ತಾಸು ಪೆನ್ನು ಹಿಡಿಯಲಾರವು. ವಿಜಯಪುರದಲ್ಲಿ ಬರೆದ ಮೊದಲ ಪರೀಕ್ಷೆಯಲ್ಲಿ ಉತ್ತರ ಗೊತ್ತಿದ್ದೂ ಒಂದು ಪ್ರಶ್ನೆ ಬಿಟ್ಟು ಎದ್ದು ಬಂದೆ. ಆಮೇಲೆ ದಿನಕ್ಕೊಂದು ಪುಟ ಬರೆಯುವ ರೂಢಿ ಮಾಡಿಕೊಂಡೆ.

ಆದರೆ ದೊಡ್ಡ ಅಡ್ಡಿಯೆಂದರೆ ನನ್ನ ಅನುಭವವೇ. ವಯಸ್ಸಾದವರಿಗೆ ಎಲ್ಲ ಗೊತ್ತಿರುತ್ತದಲ್ಲ! 1565ರ ಯುದ್ಧದ ಬಗ್ಗೆ ಅಸೈನ್‌ಮೆಂಟ್ ಬರೆಯಲು ಹೇಳಿದಾಗ, ತಾಳಿಕೋಟಿಯ ಬಯಲಿನಲ್ಲೇ ಕಾಳಗ ನಡೆಯಿತು ಎಂದು ಕಣ್ಣಾರೆ ಕಂಡವನ ಹಾಗೆ ಬರೆದೆ. ದಿನಾ "ಯಾರ್‍ರಿ ತಾಳಿಕೋಟಿ" ಎಂದು ಕೂಗುವವನು ನಾನು, ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಮೇಷ್ಟ್ರು ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಎರಡೇ ಪದ ಬರೆದಿದ್ದರು: "ಹೇಗೆ ಗೊತ್ತು?"

ಸಿಟ್ಟು ಬಂತು. ಸಿಟ್ಟಿನಲ್ಲೇ ಪುಸ್ತಕ ತೆಗೆದೆ. ಸುಲ್ತಾನರ ಸೈನ್ಯಗಳು ಬಂದು ಕೂಡಿದ್ದು ತಾಳಿಕೋಟಿಯಲ್ಲಿ. ಕೃಷ್ಣೆ ಅಲ್ಲಿಂದ ಎಷ್ಟೋ ದೂರ ದಕ್ಷಿಣಕ್ಕೆ. ವಿಜಯನಗರದ ರಾಮರಾಯ ಮಡಿದ ಕಾಳಗ ನಡೆದದ್ದು ಆ ಹೊಳೆಯ ಸೀಮೆಯಲ್ಲಿ. ಅದಕ್ಕೇ ಮುದ್ದೇಬಿಹಾಳ ಕಡೆಯ ಎರಡು ಹಳ್ಳಿಗಳ ಹೆಸರು ಸೇರಿಸಿ ರಕ್ಕಸಗಿ–ತಂಗಡಗಿ ಯುದ್ಧ ಎಂದೂ ಕರೆಯುತ್ತಾರೆ, ಸರಿಯಾದ ಜಾಗದ ಬಗ್ಗೆ ವಿದ್ವಾಂಸರು ಇನ್ನೂ ವಾದಿಸುತ್ತಾರೆ. ತಂಗಡಗಿ ನನಗೆ ಗೊತ್ತಿದ್ದದ್ದು ಬಸವಣ್ಣನವರ ಮಡದಿ ನೀಲಮ್ಮ ಐಕ್ಯವಾದ ಜಾಗವೆಂದು ಮಾತ್ರ. ಒಂದೇ ಹೊಳೆದಂಡೆಯ ಆ ಊರಿಗೆ ಎರಡು ಚರಿತ್ರೆ ಇತ್ತು. ನಾನು ಇಷ್ಟು ವರ್ಷ ಅಲ್ಲಿಗೆ ಬರೀ ಟಿಕೆಟ್ ಕೊಟ್ಟಿದ್ದೆ.

ಅಲ್ಲಿಂದ "ಹೇಗೆ ಗೊತ್ತು" ನನ್ನ ಚಟವಾಯಿತು. ಬಸವಣ್ಣನವರು ಹುಟ್ಟಿದ್ದು ಬಾಗೇವಾಡಿಯಲ್ಲೋ ತಾಯಿಯ ತವರು ಇಂಗಳೇಶ್ವರದಲ್ಲೋ ಎಂದು ಬಸ್ಸಿನಲ್ಲಿ ಜಗಳವೇ ನಡೆಯುತ್ತದೆ. ಬೆಳಗಾವಿ ಜಿಲ್ಲೆಯ ಅರ್ಜುನವಾಡದಲ್ಲಿ 1260ರ ಒಂದು ಶಾಸನವಿದೆ, ಅದು ಬಸವಣ್ಣನವರನ್ನು ಬಾಗೇವಾಡಿಯ ಮಾದಿರಾಜನ ಮಗ ಎನ್ನುತ್ತದೆ. ಮನೆತನದ ಊರು ಯಾವುದೆಂದು ಕಲ್ಲು ಹೇಳುತ್ತದೆ, ಹೆರಿಗೆ ಎಲ್ಲಾಯಿತೆಂದು ಹೇಳುವುದಿಲ್ಲ. ಸಾಕ್ಷಿ ಎಷ್ಟು ಹೇಳುತ್ತದೋ ಅಷ್ಟೇ ಹೇಳಬೇಕು. ಸಿಂದಗಿಗೆ ಟಿಕೆಟ್ ತೆಗೆಸಿದವರು ತಾಳಿಕೋಟಿಗೆ ಹೋಗುವಂತಿಲ್ಲವಲ್ಲ, ಹಾಗೆ.

ಹಾಗಂತ ಕಾಗದವೇ ಎಲ್ಲವೂ ಅಲ್ಲ. ಇದನ್ನು ಕಲಿಸಿದವಳು ಓದು ಬಾರದ ನನ್ನ ಅವ್ವ. ಇಂಡಿ ಸೀಮೆಯ ಹಲಸಂಗಿಯ ಗೆಳೆಯರು, ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದವರು, ಹೆಣ್ಣುಮಕ್ಕಳ ಬಾಯಿಂದ ಹಾಡು ಬರೆದುಕೊಂಡು 1931ರಲ್ಲಿ 'ಗರತಿಯ ಹಾಡು' ತಂದರು. ಅದರಿಂದ ಒಂದು ಬೀಸುವ ಹಾಡನ್ನು ಅವ್ವನಿಗೆ ಓದಿ ಹೇಳಿದೆ. ಆಕೆ ಅರ್ಧಕ್ಕೇ ತಡೆದಳು: "ಯಾರ ಬರದಾರೋ ಇದನ್ನ? ನಮ್ಮ ಓಣ್ಯಾಗ ಹಿಂಗ ಹಾಡೂದಿಲ್ಲ." ಆಮೇಲೆ ತನ್ನ ಪಾಠ ಹಾಡಿದಳು. ಅವತ್ತು ನಾನು ನೋಟ್‌ಬುಕ್ ಹಿಡಿದು ಆಕೆಯ ಮುಂದೆ ಕುಳಿತೆ. ಅಷ್ಟು ವರ್ಷದಲ್ಲಿ ಅವ್ವ ಹೇಳಿದ್ದನ್ನು ಬರೆದುಕೊಂಡದ್ದು ಅದೇ ಮೊದಲು.

ಆಲಮಟ್ಟಿ ಹಿನ್ನೀರಿನಲ್ಲಿ ಊರು ಕಳೆದುಕೊಂಡ ಮುದುಕರು ಈಗಲೂ ಹಳೆಯ ಊರಿನ ಹೆಸರು ಹೇಳಿ ಟಿಕೆಟ್ ಕೇಳುತ್ತಾರೆ. ಆ ಹೆಸರು ನನ್ನ ಮಷೀನಿನಲ್ಲಿಲ್ಲ. ಮೊದಲು "ಸರಿಯಾಗಿ ಹೇಳ್ರೀ ಯಜಮಾನ್ರ" ಎಂದು ಗದರುತ್ತಿದ್ದೆ. ಸಮಾಜಶಾಸ್ತ್ರದ ಪುಸ್ತಕದಲ್ಲಿ ಸ್ಥಳಾಂತರದ ಪಾಠ ಓದಿದ ಮೇಲೆ ಗದರಿಲ್ಲ. ಪುನರ್ವಸತಿ ಕೇಂದ್ರಕ್ಕೆ ಟಿಕೆಟ್ ಕೊಟ್ಟು, ಊರು ಹೇಗಿತ್ತು ಎಂದು ಕೇಳುತ್ತೇನೆ. ಪಗಾರ ಹೆಚ್ಚಾಗಲಿಲ್ಲ, ಹೆಚ್ಚಾದದ್ದು ಇದೇ.

2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಶೂನ್ಯ ದರದ ಟಿಕೆಟ್ ಕೊಡುತ್ತೇನೆ. ನನ್ನ ಕಥೆ ಕೇಳಿದ ಕೆಲವರು ಮೆಲ್ಲಗೆ ಕೇಳುತ್ತಾರೆ: "ಅಣ್ಣಾರ, ನಂದೂ ಪಿಯುಸಿ ಆಗೈತ್ರಿ. ಈಗ ಕಲ್ಯಾಕ ಬರ್ತೈತೇನ್ರಿ?" ಬರುತ್ತದೆ ತಂಗಿ. ವಿಜಯಪುರದ ಸಂಪರ್ಕ ತರಗತಿಗೆ ಹೋಗಲು ಬಸ್ ಚಾರ್ಜಿನ ಚಿಂತೆಯೂ ಈಗಿಲ್ಲ. ಸೇರುವ ಮೊದಲು ಆ ಕೋರ್ಸಿಗೆ ಆ ವರ್ಷದ ಯುಜಿಸಿ ಮಾನ್ಯತೆ ಇದೆಯೇ ನೋಡಿರಿ. ಶುಲ್ಕವನ್ನು ವಿಶ್ವವಿದ್ಯಾನಿಲಯಕ್ಕೇ ಕಟ್ಟಿರಿ, ದಲ್ಲಾಳಿ ಕೈಗೆ ಒಂದು ರೂಪಾಯಿಯೂ ಬೇಡ. ದಿನಕ್ಕೊಂದು ಪುಟ ಬರೆಯಿರಿ. ಎಲ್ಲಕ್ಕೂ ಮೊದಲು ಟ್ರಂಕಿನ ತಳದಲ್ಲಿರುವ ಪಿಯುಸಿ ಅಂಕಪಟ್ಟಿ ಹೊರಗೆ ತೆಗೆಯಿರಿ. ಅರ್ಜಿಗೆ ಅದು ಬೇಕು.