ಪಾಠ: ಬಾಡಿಗೆಗಾಗಿ ಮನೆ ಕೊಳ್ಳುವಾಗ ಮಾತುಕತೆ ಹೇಗೆ?



ಸಂಘದಲ್ಲಿ ವರ್ಷಗಟ್ಟಲೆ ಉಳಿತಾಯ ಮಾಡಿದ ಎಷ್ಟೋ ಸದಸ್ಯೆಯರು ಈಗ "ಪೇಟೆ ಹತ್ರ ಒಂದು ಸಣ್ಣ ಮನೆ ತಗೊಂಡು ಬಾಡಿಗೆಗೆ ಕೊಡೋಣ" ಎಂದು ಯೋಚಿಸುತ್ತಿದ್ದಾರೆ. ಒಳ್ಳೆಯದೇ. ಆದರೆ ಸಂತೆಯಲ್ಲಿ ಸೊಪ್ಪಿಗೆ ಎರಡು ರೂಪಾಯಿ ಬಿಡದೆ ಚೌಕಾಸಿ ಮಾಡುವ ನಾವು, ಲಕ್ಷಗಳ ಮಾತು ಬಂದಾಗ ಸುಮ್ಮನಾಗುತ್ತೇವೆ. ಗಂಡಸರು, ಬ್ರೋಕರು ಮಾತು ಮುಗಿಸಿ, ಸಹಿ ಹಾಕಲು ಮಾತ್ರ ನಮ್ಮನ್ನು ಕರೆಯುತ್ತಾರೆ. ಹಣ ನಿಮ್ಮದಾದರೆ ಮಾತೂ ನಿಮ್ಮದಾಗಿರಲಿ.

1. ಮೊದಲು ಮನೆಯಲ್ಲೇ ಲೆಕ್ಕ

ಮಾರುವವರು ಹೇಳಿದ ಬೆಲೆಯಿಂದಲ್ಲ, ಬರುವ ಬಾಡಿಗೆಯಿಂದ ಲೆಕ್ಕ ಶುರು ಮಾಡಿ. ಒಂದು ಮನೆಗೆ 12 ಲಕ್ಷ ಕೇಳುತ್ತಾರೆ ಎಂದಿಟ್ಟುಕೊಳ್ಳಿ. ಅಕ್ಕಪಕ್ಕದ ಬಾಡಿಗೆ ತಿಂಗಳಿಗೆ 5,000 ರೂ., ವರ್ಷಕ್ಕೆ 60,000. ಕಂದಾಯ, ಸುಣ್ಣಬಣ್ಣ, ರಿಪೇರಿ, ಮನೆ ಖಾಲಿ ಬೀಳುವ ತಿಂಗಳು ಎಂದು 12,000 ಕಳೆದರೆ ಕೈಗೆ 48,000. ಅಂದರೆ ನೂರಕ್ಕೆ 4 ರೂಪಾಯಿ. ನೂರಕ್ಕೆ 12ರ ಬಡ್ಡಿಗೆ ಸಾಲ ತಂದರೆ ಬಾಡಿಗೆ ಬಡ್ಡಿಗೂ ಸಾಲದು.

ನೋಂದಣಿ ಖರ್ಚನ್ನೂ ಮರೆಯಬೇಡಿ. ಕರ್ನಾಟಕದಲ್ಲಿ 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕ ಶೇ. 1ರಿಂದ 2ಕ್ಕೆ ಏರಿದೆ. ಶೇ. 5 ಮುದ್ರಾಂಕ ಶುಲ್ಕ, ಅದರ ಮೇಲಿನ ಸೆಸ್ ಎಲ್ಲ ಸೇರಿ 12 ಲಕ್ಷಕ್ಕೆ 91,000 ರೂ. ದಾಟುತ್ತದೆ. ಇಷ್ಟೆಲ್ಲ ನೋಡಿ "ಇದಕ್ಕಿಂತ ಮೇಲೆ ಹೋಗೋದಿಲ್ಲ" ಎಂಬ ಮೊತ್ತವನ್ನು ಚೀಟಿಯಲ್ಲಿ ಬರೆದಿಡಿ. ಬ್ರೋಕರಿಗೆ ಹೇಳಬೇಡಿ.

2. ಕಾಗದ ನೋಡದೆ ಬೆಲೆ ಮಾತಾಡಬೇಡಿ

ಮೂಲಪತ್ರ, ಇ-ಖಾತೆ, ಕಂದಾಯ ರಸೀದಿ, ಋಣಭಾರ ಪತ್ರ ಕೇಳಿ. ಬರೀ ಜೆರಾಕ್ಸ್ ತೋರಿಸಿದರೆ ಮೂಲಪತ್ರ ಎಲ್ಲಿದೆ ಎಂದು ವಿಚಾರಿಸಿ. ಸಾಲಕ್ಕೆ ಬ್ಯಾಂಕಿನಲ್ಲಿ ಇಟ್ಟಿರಬಹುದು. ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ 2005ರ ತಿದ್ದುಪಡಿಯಂತೆ ಹೆಣ್ಣುಮಕ್ಕಳಿಗೂ ಸಮಪಾಲು. ಕ್ರೈಸ್ತರಲ್ಲಿ ತಂದೆ ವಿಲ್ ಬರೆಯದೆ ತೀರಿಕೊಂಡರೆ ಮಗಳಿಗೆ ಮಗನಷ್ಟೇ ಪಾಲು. ಆದ್ದರಿಂದ ಅಕ್ಕತಂಗಿಯರ ಸಹಿ ಬೇಕೇಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಜಮೀನಾಗಿದ್ದರೆ, 1978ರ ಕಾಯ್ದೆಯಂತೆ ಸರ್ಕಾರದ ಅನುಮತಿ ಇಲ್ಲದೆ ಕೊಳ್ಳುವಂತಿಲ್ಲ. ಎಷ್ಟು ಅಗ್ಗವಾದರೂ ಬೇಡ. ಎಲ್ಲ ಕಾಗದವನ್ನೂ ಒಬ್ಬ ವಕೀಲರಿಗೆ ತೋರಿಸಿ.

3. ಎದುರು ಕುಳಿತಾಗ

- ಯಾಕೆ ಮಾರುತ್ತಿದ್ದಾರೆ, ಹಣ ಯಾವಾಗ ಬೇಕು ಎಂದು ಕೇಳಿ. ಅವಸರ ಇರುವವರಿಗೆ ನಾಲ್ಕು ಕಾಸು ಹೆಚ್ಚಿಗಿಂತ ಬೇಗ ಸಿಗುವ ಹಣ ಮುಖ್ಯ.
- ಮನೆಯನ್ನು ಹಳಿಯಬೇಡಿ, ಲೆಕ್ಕ ಹೇಳಿ: "ಅಣ್ಣಾ, ಮನೆ ಚೆನ್ನಾಗಿದೆ. ಆದ್ರೆ ಬಾಡಿಗೆ ಐದೇ ಸಾವಿರ, ಮಾಡು ಸೋರ್ತದೆ. ಒಂಬತ್ತೂವರೆಗೆ ಆಗ್ತದಾ ನೋಡಿ." ಹೇಳಿದ ಮೇಲೆ ಸುಮ್ಮನಿರಿ. ಅವರು ಮಾತಾಡಲಿ.
- ಬೆಲೆ ಇಳಿಯದಿದ್ದರೆ ಬೇರೆ ವಿಷಯ ಕೇಳಿ: ಮಾಡಿನ ರಿಪೇರಿ, ಬಾಕಿ ಕರೆಂಟ್ ಬಿಲ್ಲು, ಗಡಿಯ ಅಳತೆ. ಮನೆಯಲ್ಲಿ ಬಾಡಿಗೆದಾರರಿದ್ದರೆ ಅವರು ಕೊಟ್ಟ ಅಡ್ವಾನ್ಸನ್ನು ಬೆಲೆಯಲ್ಲಿ ಕಳೆಯಬೇಕು. ನಾಳೆ ಅದನ್ನು ಹಿಂದಿರುಗಿಸುವವರು ನೀವೇ.
- ಕರಾರುಪತ್ರ ಇಲ್ಲದೆ ಮುಂಗಡ ಕೊಡಬೇಡಿ. 2015ರಿಂದ ಆಸ್ತಿ ಮಾರಾಟಕ್ಕೆ 20,000 ರೂ. ಅಥವಾ ಹೆಚ್ಚಿನ ಮುಂಗಡವನ್ನು ನಗದಾಗಿ ಪಡೆಯುವಂತಿಲ್ಲ. "ಪತ್ರದಲ್ಲಿ ಅರ್ಧ, ಕೈಯಲ್ಲಿ ಅರ್ಧ" ಎಂದರೆ ಒಪ್ಪಬೇಡಿ. ವ್ಯವಹಾರ ಮುರಿದುಬಿದ್ದರೆ ಕೈಯಲ್ಲಿ ಕೊಟ್ಟದ್ದಕ್ಕೆ ಸಾಕ್ಷಿ ಇರುವುದಿಲ್ಲ.

4. ಮಾರುವವರ ಮನೆಯಲ್ಲೂ ಒಬ್ಬ ಹೆಂಗಸಿದ್ದಾಳೆ

ಕುಡಿತದ ಸಾಲಕ್ಕೋ ಆಸ್ಪತ್ರೆಯ ಬಿಲ್ಲಿಗೋ ಇರುವ ಒಂದೇ ಮನೆಯನ್ನು ಮಾರುವವರಿದ್ದಾರೆ. ಮಾತು ಮುಗಿಸುವ ಮೊದಲು ಆ ಮನೆಯ ಹೆಣ್ಣುಮಗಳ ಜೊತೆ ಕುಳಿತು ಮಾತಾಡಿ. ಮಾರಾಟದ ವಿಷಯ ಆಕೆಗೆ ಗೊತ್ತೇ ಇಲ್ಲದಿದ್ದರೆ ಅಲ್ಲಿಂದ ಎದ್ದು ಬನ್ನಿ. ಗೊತ್ತಿದ್ದು, ಬೇರೆ ದಾರಿ ಇಲ್ಲದೆ ಮಾರುತ್ತಿದ್ದರೆ ಆ ಬೀದಿಯ ನಡೆಯುವ ಬೆಲೆಗಿಂತ ಕೆಳಗೆ ಹಿಂಡಬೇಡಿ. ಚೌಕಾಸಿ ತಪ್ಪಲ್ಲ. ಇನ್ನೊಬ್ಬರ ಕಷ್ಟವನ್ನೇ ಬಂಡವಾಳ ಮಾಡಿಕೊಳ್ಳುವುದು ತಪ್ಪು.

ಸಂಘದಲ್ಲಿ ಚರ್ಚಿಸಿ

1. ನಮ್ಮ ಊರಲ್ಲಿ ಎರಡು ಕೋಣೆಯ ಮನೆಗೆ ಬಾಡಿಗೆ ಎಷ್ಟು? ಬೆಲೆ ಎಷ್ಟು? ನೂರಕ್ಕೆ ಎಷ್ಟು ಬಂದಂತಾಯಿತು?
2. ಇಬ್ಬರು ಮಾರುವವರಾಗಿ, ಇಬ್ಬರು ಕೊಳ್ಳುವವರಾಗಿ ಮಾತಾಡಿ ತೋರಿಸಿ. ಮೊದಲು ಮೌನ ಮುರಿದವರು ಯಾರು?
3. ಕೊಳ್ಳುವ ಆಸ್ತಿ ಯಾರ ಹೆಸರಿಗೆ ನೋಂದಣಿಯಾಗಬೇಕು? ಯಾಕೆ?