ಮೂಗಿಗೇ ಬಿಟ್ಟರೂ ಅಂಟದ ಕೋವಿಡ್

ಮನೆಮಂದಿಯೆಲ್ಲ ಕೋವಿಡ್‌ನಿಂದ ಮಲಗಿದ್ದಾಗ ಒಬ್ಬರಿಗೆ ಮಾತ್ರ ಏನೂ ಆಗದಿದ್ದುದು ಬರೀ ಅದೃಷ್ಟವೇ? ಉತ್ತರದ ಒಂದು ಎಳೆ ಲಂಡನ್ನಿನಲ್ಲಿ ಸಿಕ್ಕಿತು.

2021ರಲ್ಲಿ ಇಂಪೀರಿಯಲ್ ಕಾಲೇಜಿನ ನೇತೃತ್ವದಲ್ಲಿ 18ರಿಂದ 29 ವಯಸ್ಸಿನ 36 ಸ್ವಯಂಸೇವಕರ ಮೂಗಿಗೆ ವೈರಸ್ಸಿನ ಹನಿಯನ್ನೇ ಬಿಡಲಾಯಿತು. ಎಲ್ಲರೂ ಲಸಿಕೆ ಪಡೆಯದವರು. ಗಟ್ಟಿ ಗುಂಡಿಗೆಯವರೇ ಸರಿ! ಲೆಕ್ಕಕ್ಕೆ ತೆಗೆದುಕೊಂಡ 34 ಮಂದಿಯಲ್ಲಿ ಸೋಂಕು ತಗುಲಿದ್ದು 18 ಜನರಿಗಷ್ಟೇ.

ಇದೇ ಪ್ರಯೋಗದ 16 ಮಂದಿಯ ಜೀವಕೋಶಗಳನ್ನು ಒಂದೊಂದಾಗಿ ಪರಿಶೀಲಿಸಿದ ಅಧ್ಯಯನ 2024ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು. ಸೋಂಕು ನೆಲೆಯೂರದವರಲ್ಲಿ ಎಚ್‌ಎಲ್‌ಎ-ಡಿಕ್ಯೂಎ2 ಎಂಬ ಜೀನ್ ಮೊದಲೇ ಹೆಚ್ಚು ಚುರುಕಾಗಿತ್ತು.

ಹಲವರು ಎಡವುವುದು ಇಲ್ಲಿ: 2023ರಲ್ಲಿ ಸುದ್ದಿಯಾದ ಎಚ್‌ಎಲ್‌ಎ-ಬಿ*15:01 ಎಂಬ ಜೀನ್ ರೂಪ ಬೇರೆಯೇ. ಅದರ ನಂಟಿರುವುದು ಸೋಂಕು ತಗುಲಿಯೂ ಲಕ್ಷಣ ಕಾಣಿಸದವರ ಜೊತೆ.