ಎಷ್ಟು ದಿನಕ್ಕೆ ಮಾಡುತ್ತೀರಿ? ಹಣ್ಣಿನ ಸಿಹಿ-ಖಾರದ ಚಟ್ನಿ: ಪ್ರಶ್ನೋತ್ತರ

ಈ ಸಲ ಶಿವಮೊಗ್ಗ ಮತ್ತು ಭದ್ರಾವತಿಯಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಹಣ್ಣಿನ ಚಟ್ನಿ, ಗೊಜ್ಜು, ಮೆಣಸ್ಕಾಯಿಗೆ ಸಂಬಂಧಿಸಿದವು. ಬೇರೆ ಬೇರೆ ಮನೆಯ ತೊಂದರೆಗಳಾದರೂ ಮೂಲ ಒಂದೇ ಇದ್ದುದರಿಂದ ಒಟ್ಟಿಗೇ ಉತ್ತರಿಸಿದ್ದೇನೆ.

ಪ್ರಶ್ನೆ: ಗಾಂಧಿ ಬಜಾರಿನಲ್ಲಿ ಒಳ್ಳೆಯ ರಸಪುರಿ ಹಣ್ಣು ಸಿಕ್ಕಿತ್ತು. ತಿರುಳು ತೆಗೆದು, ಬೆಲ್ಲ, ಉಪ್ಪು, ಖಾರದಪುಡಿ ಹಾಕಿ ಕುದಿಸಿದೆ. ಗಟ್ಟಿ ಬರಲೆಂದು ಒಂದು ಹಿಡಿ ಕಾಯಿತುರಿಯನ್ನೂ ರುಬ್ಬಿ ಸೇರಿಸಿದೆ. ಎರಡು ದಿನ ಮನೆಮಂದಿಯೆಲ್ಲ ಚಪ್ಪರಿಸಿಕೊಂಡು ತಿಂದರು. ಐದನೇ ದಿನ ಮುಚ್ಚಳ ತೆಗೆದರೆ ಟುಸ್ಸೆಂದಿತು. ಮೇಲೆಲ್ಲ ಸಣ್ಣ ಗುಳ್ಳೆ, ಹೆಂಡದಂಥ ವಾಸನೆ. ಎಣ್ಣೆ ಧಾರಾಳವಾಗಿಯೇ ಹಾಕಿದ್ದೆ. ಎಲ್ಲಿ ಕೆಟ್ಟಿತು?
— ಗೃಹಿಣಿ, ವಿನೋಬನಗರ, ಶಿವಮೊಗ್ಗ

ಉತ್ತರ: ಅದನ್ನು ಮತ್ತೆ ಕುದಿಸಿ ಉಳಿಸಿಕೊಳ್ಳಲು ಹೋಗಬೇಡಿ, ಚೆಲ್ಲಿಬಿಡಿ. ಹಣ್ಣು ಹೋಯಿತಲ್ಲ ಎಂಬ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಹುದುಗಿದ ಚಟ್ನಿಯಲ್ಲಿ ಇನ್ನೇನೇನು ಬೆಳೆದಿದೆಯೋ ಕಣ್ಣಿಗೆ ಕಾಣುವುದಿಲ್ಲ.

ನೀವು ಒಂದೇ ಪಾತ್ರೆಯಲ್ಲಿ ಎರಡು ಅಡುಗೆ ಮಾಡಿದ್ದೀರಿ. ಕಾಯಿ ರುಬ್ಬಿ ಹಾಕಿದರೆ ಅದು ಗೊಜ್ಜು. ಅವತ್ತಿಗಾಯಿತು, ಫ್ರಿಜ್ಜಿನಲ್ಲಿಟ್ಟರೆ ನಾಳೆಗಾಯಿತು. ಇಟ್ಟುಕೊಂಡು ತಿನ್ನುವ ಚಟ್ನಿಯ ದಾರಿಯೇ ಬೇರೆ. ಅದಕ್ಕೆ ಕಾಯಿ ಬೇಡ, ಕೊತ್ತಂಬರಿ ಸೊಪ್ಪು ಬೇಡ, ಪಾತ್ರೆ ತೊಳೆದ ನೀರಿನ ಹನಿಯೂ ಬೇಡ. ಒಲೆ ಹಚ್ಚುವ ಮೊದಲೇ ಇದು ಎಷ್ಟು ದಿನಕ್ಕೆ ಎಂದು ತೀರ್ಮಾನ ಮಾಡಿಕೊಳ್ಳಿ. ಬೆಲ್ಲ ಎಷ್ಟು, ಹುಳಿ ಎಷ್ಟು, ಎಷ್ಟು ಹೊತ್ತು ಕುದಿಸಬೇಕು ಎಂಬುದೆಲ್ಲ ಆಮೇಲೆ ತಾನಾಗಿ ಗೊತ್ತಾಗುತ್ತದೆ.

ಹಣ್ಣನ್ನು ಹುದುಗಿಸುವ ಯೀಸ್ಟ್‌ಗೆ ನೀರು ಬೇಕು. ಬೆಲ್ಲ ಸಾಕಷ್ಟಿದ್ದರೆ ಅದು ಆ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ಯೀಸ್ಟ್ ಸೊರಗುತ್ತದೆ. ಬೆಲ್ಲ ಅರೆಬರೆಯಾದರೆ ಅದೇ ಯೀಸ್ಟ್‌ಗೆ ಊಟವಾಗುತ್ತದೆ. ನಿಮ್ಮಲ್ಲಿ ಆದದ್ದು ಇದು. ಮೇಲೆ ತೇಲುವ ಎಣ್ಣೆ ಬೂಷ್ಟನ್ನು ಸ್ವಲ್ಪ ತಡೆದೀತು, ಆದರೆ ಗಾಳಿಯಿಲ್ಲದೆಯೂ ಕೆಲಸ ಮಾಡುವ ಯೀಸ್ಟನ್ನು ತಡೆಯುವುದಿಲ್ಲ.

ಇನ್ನೊಮ್ಮೆ ಹೀಗೆ ಮಾಡಿ ನೋಡಿ. ರಸಪುರಿಯನ್ನು ಹಾಗೇ ತಿನ್ನಿ. ಚಟ್ನಿಗೆ ದೋರಗಾಯಿ ಬೇಕು, ಅದರಲ್ಲೂ ಗಿಣಿಮೂತಿಯ ತೋತಾಪುರಿ ಬಹಳ ಒಳ್ಳೆಯದು. ಪೂರ್ತಿ ಕಳಿತ ಹಣ್ಣಿನಲ್ಲಿ ಹುಳಿ ಸತ್ತಿರುತ್ತದೆ. ಸಿಹಿ-ಖಾರದ ಚಟ್ನಿಯ ಬೆನ್ನೆಲುಬೇ ಹುಳಿ. ಅದಿಲ್ಲದಿದ್ದರೆ ಖಾರ ಹಾಕಿದ ಪಾಯಸ ತಿಂದಂತಾಗುತ್ತದೆ. ಸಿಪ್ಪೆ, ಗೊರಟು ತೆಗೆದ ಹೋಳು 1 ಕಿಲೋ ಇರಲಿ. ಬೆಲ್ಲ 750 ಗ್ರಾಂ, ಉಪ್ಪು 30 ಗ್ರಾಂ, ಸಣ್ಣಗೆ ಹೆಚ್ಚಿದ ಶುಂಠಿ 40 ಗ್ರಾಂ. ಬ್ಯಾಡಗಿ ಮೆಣಸಿನಪುಡಿ ಎರಡು ದೊಡ್ಡ ಚಮಚ, ಗುಂಟೂರಿನದು ಅರ್ಧ ಚಮಚ. ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು. ಬರೀ ಬ್ಯಾಡಗಿಯಲ್ಲೇ ಖಾರ ತರಿಸಲು ಹೊರಟರೆ ಪುಡಿ ಜಾಸ್ತಿಯಾಗಿ ಬಾಯಿಗೆ ಒರಟಾಗುತ್ತದೆ.

ಮೊದಲು ಹೋಳು, ಉಪ್ಪು, ಶುಂಠಿಯನ್ನು ಒಂದು ಲೋಟ ನೀರಿನಲ್ಲಿ ಮೆತ್ತಗಾಗುವವರೆಗೆ ಬೇಯಿಸಿ. ಬೆಲ್ಲವನ್ನು ಮೊದಲೇ ಹಾಕಿದರೆ ಹೋಳು ಬಿಗಿದುಕೊಂಡು ಎಷ್ಟು ಕುದಿಸಿದರೂ ಬೇಯುವುದಿಲ್ಲ. ಬೆಲ್ಲವನ್ನು ಬೇರೆಯೇ ಕರಗಿಸಿ ಸೋಸಿ ಹಾಕಿ, ಕಲ್ಲು-ಕಸ ಇದ್ದೇ ಇರುತ್ತದೆ. ಬಿಳಿಚಿಕೊಂಡ ಅಚ್ಚುಬೆಲ್ಲಕ್ಕೆ ಬಣ್ಣ ತೆಗೆಯಲು ಹೈಡ್ರೋಸ್ ಎಂಬ ರಾಸಾಯನಿಕ ಬಳಸಿರುವುದುಂಟು, ಕಂದು ಬೆಲ್ಲವನ್ನೇ ಆರಿಸಿ. ಮಲೆನಾಡಿನ ಜೋನಿಬೆಲ್ಲದ ಪರಿಮಳಕ್ಕೆ ಎದುರಿಲ್ಲ. ಆದರೆ ಅದರಲ್ಲಿ ನೀರಿರುವುದರಿಂದ ಕುದಿತ ಹೆಚ್ಚು ಬೇಕು. ಖಾರದಪುಡಿ ಕೊನೆಯ ಹತ್ತು ನಿಮಿಷದಲ್ಲಿ ಹಾಕಿ, ಬಣ್ಣ ಉಳಿಯುತ್ತದೆ.

ಇಳಿಸುವುದು ಯಾವಾಗ? ಕುದಿಯ ಸದ್ದು ಬದಲಾಗುವುದನ್ನು ಕೇಳಿ. ಮೊದಲು ಸಣ್ಣ ಗುಳ್ಳೆಗಳು ಚುರುಚುರು ಎನ್ನುತ್ತಿರುತ್ತವೆ. ಪಾಕ ಕೂಡುತ್ತಿದ್ದಂತೆ ಗುಳ್ಳೆ ದೊಡ್ಡದಾಗಿ, ನಿಧಾನವಾಗಿ, ಪುಳಕ್ ಪುಳಕ್ ಎಂದು ಒಡೆಯುತ್ತವೆ. ಸೌಟಿನಿಂದ ತಳ ಎಳೆದರೆ ದಾರಿ ಒಂದು ಕ್ಷಣ ಹಾಗೇ ನಿಲ್ಲುತ್ತದೆ. ಸ್ಟೀಲ್ ತಟ್ಟೆಯ ಮೇಲೆ ಅರ್ಧ ಚಮಚ ಹಾಕಿ ಆರಲು ಬಿಡಿ, ಸುತ್ತ ನೀರಿನ ಉಂಗುರ ಒಸರಬಾರದು. ಇಷ್ಟಕ್ಕೂ ನಂಬಿಕೆ ಬರದಿದ್ದರೆ ತೂಕ ಹಾಕಿ. ಖಾಲಿ ಪಾತ್ರೆಯ ತೂಕ ಮೊದಲೇ ಬರೆದಿಟ್ಟುಕೊಂಡಿದ್ದರೆ, ಮೇಲಿನ ಅಳತೆಗೆ ಚಟ್ನಿ 1,350 ಗ್ರಾಮಿಗೆ ಇಳಿದಾಗ ಕೆಲಸ ಮುಗಿಯಿತು. ನನಗೆ ಥರ್ಮಾಮೀಟರಿಗಿಂತ ಈ ಲೆಕ್ಕವೇ ಇಷ್ಟ. ಪುಸ್ತಕದಲ್ಲಿ ಕೊಟ್ಟಿರುವ ಡಿಗ್ರಿ ಸಮುದ್ರಮಟ್ಟದ್ದು. ಶಿವಮೊಗ್ಗ ಅದಕ್ಕಿಂತ 550 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ, ಇಲ್ಲಿ ನೀರೇ ಸುಮಾರು 98 ಡಿಗ್ರಿಗೆ ಕುದಿಯುತ್ತದೆ. ಪುಸ್ತಕದ 105 ಡಿಗ್ರಿಗೆ ಕಾದರೆ ನಿಮ್ಮ ಪಾಕ ಮಿಠಾಯಿಯ ಕಡೆಗೆ ಹೊರಟಿರುತ್ತದೆ.

ಬಿಸಿಯಲ್ಲಿ ರುಚಿ ನೋಡಿ ಹುಳಿ ಹೆಚ್ಚಾಯಿತೆಂದು ಇನ್ನಷ್ಟು ಬೆಲ್ಲ ಸುರಿಯಬೇಡಿ. ಎರಡು ವಾರ ಕೂತರೆ ಹುಳಿ, ಖಾರ, ಸಿಹಿ ಒಂದಕ್ಕೊಂದು ಹೊಂದಿಕೊಳ್ಳುತ್ತವೆ.

ಪ್ರಶ್ನೆ: ಮಾವನವರು ಕಾರ್ಖಾನೆಯಲ್ಲಿದ್ದಾಗ ತಂದಿಟ್ಟಿದ್ದ ದಪ್ಪ ಕಬ್ಬಿಣದ ಬಾಣಲೆ ನಮ್ಮ ಮನೆಯಲ್ಲಿದೆ. ದೋಸೆಯಿಂದ ಹಿಡಿದು ಪಲ್ಯದವರೆಗೆ ಎಲ್ಲವೂ ಅದರಲ್ಲೇ ಚೆನ್ನಾಗಿ ಬರುತ್ತದೆ. ನೆಲ್ಲಿಕಾಯಿಯ ಸಿಹಿ ಚಟ್ನಿ ಮಾಡಿದರೆ ಮಾತ್ರ ಕಾಡಿಗೆಯಂತೆ ಕಪ್ಪಾಯಿತು. ಮಕ್ಕಳು ಮುಟ್ಟಲಿಲ್ಲ. ವಿಷವೇನಾದರೂ ಆಯಿತೇ?
— ನ್ಯೂಟೌನ್, ಭದ್ರಾವತಿ

ಉತ್ತರ: ವಿಷವಲ್ಲ. ನೆಲ್ಲಿಕಾಯಿಯ ಹುಳಿ ಬಾಣಲೆಯ ಕಬ್ಬಿಣವನ್ನು ಕರಗಿಸುತ್ತದೆ. ಅದರ ಒಗರಿನಲ್ಲಿರುವ ಟ್ಯಾನಿನ್ ಆ ಕಬ್ಬಿಣದ ಜೊತೆ ಸೇರಿ ಕಪ್ಪಾಗುತ್ತದೆ. ಹಿಂದೆ ಬರೆಯುವ ಮಸಿ ಮಾಡುತ್ತಿದ್ದುದೂ ಒಗರುಕಾಯಿ ಮತ್ತು ಕಬ್ಬಿಣ ಸೇರಿಸಿಯೇ. ಆದರೆ ಬಾಯಿಗೆ ಕಬ್ಬಿಣದ ರುಚಿ ಬರುತ್ತದೆ, ಇಟ್ಟಷ್ಟೂ ಹೆಚ್ಚುತ್ತದೆ. ಮಕ್ಕಳು ಬಿಟ್ಟದ್ದು ಸರಿಯೇ. 1918ರಲ್ಲಿ ಶುರುವಾದ ಕಬ್ಬಿಣದ ಕಾರ್ಖಾನೆಯ ಊರಿನವರಿಗೆ ಕಬ್ಬಿಣದ ಬಾಣಲೆ ಬಿಡಿ ಎನ್ನಲು ನನಗೆ ಮನಸ್ಸಿಲ್ಲ. ಒಗ್ಗರಣೆಯನ್ನು ಅದರಲ್ಲೇ ಮಾಡಿ, ಎಣ್ಣೆ ಕಾಯುವುದಕ್ಕೆ ಅದರಷ್ಟು ಒಳ್ಳೆಯದು ಇನ್ನೊಂದಿಲ್ಲ. ಹಣ್ಣು ಬೇಯಿಸಲು ಮಾತ್ರ ದಪ್ಪ ತಳದ ಸ್ಟೀಲ್ ಪಾತ್ರೆ ತೆಗೆದುಕೊಳ್ಳಿ. ಅಜ್ಜಿಯ ಕಾಲದ ಬಳಪದ ಕಲ್ಲಿನ ಪಾತ್ರೆ ಅಟ್ಟದಲ್ಲಿದ್ದರೆ ಇಳಿಸಿ. ಅದು ನಿಧಾನ ಕಾಯುತ್ತದೆ, ನಿಧಾನ ಆರುತ್ತದೆ, ಹುಳಿಗೆ ಜಗ್ಗುವುದಿಲ್ಲ.

ಭಯಪಡಬೇಕಾದದ್ದು ಕಲಾಯಿ ಹೋದ ಹಿತ್ತಾಳೆ, ತಾಮ್ರದ ಪಾತ್ರೆಗೆ. ಹುಳಿ ಪದಾರ್ಥ ಅದರಲ್ಲಿ ಬೆಂದರೆ ತಾಮ್ರ ಚಟ್ನಿಗಿಳಿಯುತ್ತದೆ. ವಾಂತಿ, ಹೊಟ್ಟೆನೋವು ಬರುವುದು ಅದರಿಂದ. ಒಳಗಿನ ಬಿಳಿ ಹೊಳಪು ಎಲ್ಲಾದರೂ ಸವೆದು ಹಳದಿಯೋ ಕೆಂಪೋ ಕಾಣುತ್ತಿದ್ದರೆ ಕಲಾಯಿ ಹಾಕಿಸುವವರೆಗೆ ಹುಳಿ ಮಾಡಬೇಡಿ.

ಪ್ರಶ್ನೆ: ಅನಾನಸ್ ತಿನ್ನುವಾಗ ಸಿಹಿಯಾಗಿಯೇ ಇತ್ತು. ಅರ್ಧ ಹಣ್ಣಿನಲ್ಲಿ ಮೆಣಸ್ಕಾಯಿ, ಇನ್ನರ್ಧ ಹೆಚ್ಚಿ ಮೊಸರು ಹಾಕಿ ಸಾಸಿವೆ ಮಾಡಿದೆ. ಊಟದ ಹೊತ್ತಿಗೆ ಎರಡೂ ಕಹಿ! ಹಣ್ಣೇ ಕೆಟ್ಟದ್ದೇ?
— ಕಾಲೇಜು ಉಪನ್ಯಾಸಕಿ, ದುರ್ಗಿಗುಡಿ, ಶಿವಮೊಗ್ಗ

ಉತ್ತರ: ಹಣ್ಣಿನ ಮೇಲೆ ತಪ್ಪು ಹೊರಿಸಬೇಡಿ. ಎರಡು ಕಹಿಗೂ ಎರಡು ಬೇರೆ ಕಾರಣ.

ಹಸಿ ಅನಾನಸ್ಸಿನಲ್ಲಿ ಬ್ರೊಮೆಲೈನ್ ಎಂಬ ಕಿಣ್ವವಿದೆ. ಹೆಚ್ಚು ತಿಂದರೆ ನಾಲಿಗೆ ಚುರುಗುಟ್ಟುವುದೂ ಅದರ ಕೆಲಸವೇ. ಮೊಸರಿನ ಪ್ರೋಟೀನನ್ನು ಅದು ತುಂಡು ತುಂಡು ಮಾಡುತ್ತದೆ, ಆ ತುಂಡುಗಳು ಕಹಿ. ಕಲಸಿದ ಕೂಡಲೇ ಗೊತ್ತಾಗುವುದಿಲ್ಲ, ಗಂಟೆ ಕಳೆದಂತೆ ಏರುತ್ತದೆ. ಹೋಳನ್ನು ಚಿಟಿಕೆ ಉಪ್ಪು, ಚೂರು ಬೆಲ್ಲದ ಜೊತೆ ಹತ್ತು ನಿಮಿಷ ಕುದಿಸಿ, ಪೂರ್ತಿ ಆರಿಸಿ, ಆಮೇಲೆ ಮೊಸರಿಗೆ ಹಾಕಿ. ಕುದಿಯಲ್ಲಿ ಆ ಕಿಣ್ವ ಸತ್ತುಹೋಗುತ್ತದೆ.

ಮೆಣಸ್ಕಾಯಿಯಲ್ಲಿ ಹಣ್ಣು ಬೆಂದೇ ಇರುತ್ತದೆ, ಹಾಗಾಗಿ ಅಲ್ಲಿನ ಕಹಿ ಬಾಣಲೆಯಿಂದ ಬಂದದ್ದು. ಮೆಂತ್ಯ ಅಥವಾ ಎಳ್ಳು ಸೀದಿರಬೇಕು. ಮೆಂತ್ಯ ಕಾಲು ಚಮಚಕ್ಕಿಂತ ಹೆಚ್ಚು ಬೇಡ, ಕೆಂಪಗಾಗುವ ಮೊದಲೇ ತೆಗೆಯಿರಿ. ಉದ್ದಿನಬೇಳೆ, ಬ್ಯಾಡಗಿ ಮೆಣಸಿನಕಾಯಿ ಎಣ್ಣೆಯಲ್ಲಿ ಹುರಿದಾದ ಮೇಲೆ ಎಳ್ಳನ್ನು ಬೇರೆಯಾಗಿ, ಎಣ್ಣೆಯಿಲ್ಲದೆ, ಚಟಪಟ ಶುರುವಾಗುವಷ್ಟೇ ಹುರಿಯಿರಿ. ಕಾಯಿತುರಿಯ ಜೊತೆ ರುಬ್ಬಿ, ಅರಿಸಿನ, ಬೆಲ್ಲ, ಹುಣಸೆರಸದಲ್ಲಿ ಬೆಂದ ಅನಾನಸ್ಸಿಗೆ ಸೇರಿಸಿ ಒಂದೇ ಕುದಿ ಬರಿಸಿ. ಸೊರಬ, ಸಾಗರದ ಕಡೆಯ ಹಣ್ಣು ನಿಮ್ಮ ಮನೆ ಬಾಗಿಲಿಗೇ ಬರುತ್ತದೆ. ಬುಡದಲ್ಲಿ ಪರಿಮಳ ಬರುವಂಥದ್ದನ್ನು ಮೂಸಿ ನೋಡಿ ತನ್ನಿ. ಕಾಯಿ ಹಾಕಿದ್ದಾದ್ದರಿಂದ ಇದೂ ಅಂದಿನ ಅಡುಗೆಯೇ.

ಪ್ರಶ್ನೆ: ನಮ್ಮವರಿಗೆ ಸಕ್ಕರೆ ಕಾಯಿಲೆ. ಊಟಕ್ಕೆ ಸಿಹಿ-ಖಾರ ಇಲ್ಲದೆ ಆಗುವುದಿಲ್ಲ ಅಂತಾರೆ. ಸಕ್ಕರೆ ಬದಲು ಬೆಲ್ಲ ಹಾಕಿದರೆ ಪರವಾಗಿಲ್ಲವಲ್ಲ?
— ಜನ್ನಾಪುರ, ಭದ್ರಾವತಿ

ಉತ್ತರ: ಪರವಾಗಿಲ್ಲ ಎನ್ನಲಾರೆ ಅಮ್ಮ. ಬೆಲ್ಲದಲ್ಲಿ ಬಹುಪಾಲು ಇರುವುದು ಸಕ್ಕರೆಯೇ, ರಕ್ತದಲ್ಲಿ ಏರಿಸುವುದೂ ಹಾಗೆಯೇ. ಮೇಲೆ ಹೇಳಿದ ಮಾವಿನ ಚಟ್ನಿಯ ಒಂದು ದೊಡ್ಡ ಚಮಚದಲ್ಲಿ, ಅಂದರೆ 20 ಗ್ರಾಮಿನಲ್ಲಿ, 11 ಗ್ರಾಂ ಬೆಲ್ಲ ಸೇರಿರುತ್ತದೆ. ಬೆಲ್ಲ ಕಡಿಮೆ ಮಾಡಿ ಡಬ್ಬಿಯಲ್ಲಿಡಲೂ ಬರುವುದಿಲ್ಲ, ಕೆಡುತ್ತದೆ. ಅವರಿಗೆಂದೇ ದಿನಕ್ಕಾಗುವಷ್ಟು ತಾಜಾ ಮಾಡಿ. ಅಮಟೆಕಾಯಿ ಅಥವಾ ಮಾವಿನಕಾಯಿಗೆ ಸೂಜಿಮೆಣಸು, ಇಂಗು, ಉಪ್ಪು, ನಾಲಿಗೆಗೆ ತಾಗುವಷ್ಟೇ ಬೆಲ್ಲ. ಎಷ್ಟು ತಿನ್ನಬಹುದು ಎಂಬುದನ್ನು ಡಾಕ್ಟರರನ್ನೇ ಕೇಳಿ.

ಪ್ರಶ್ನೆ: ಹಿತ್ತಲಿನಲ್ಲಿ ಪಪ್ಪಾಯಿ, ಬಾಳೆ ಧಾರಾಳ. ಮಗ ಅಮೆರಿಕಕ್ಕೆ ವಾಪಸು ಹೋಗುವಾಗ ಇವುಗಳ ಚಟ್ನಿ ಮಾಡಿ ಕಳಿಸಬಹುದೇ?
— ನಿವೃತ್ತ ಶಿಕ್ಷಕರು, ಗೋಪಾಳ, ಶಿವಮೊಗ್ಗ

ಉತ್ತರ: ಬರೀ ಪಪ್ಪಾಯಿ, ಬರೀ ಬಾಳೆಹಣ್ಣಿನದು ಬೇಡ ಸರ್. ಇವುಗಳಲ್ಲಿ ಹುಳಿ ತೀರ ಕಡಿಮೆ. ಪಿಎಚ್ 4.6ಕ್ಕಿಂತ ಮೇಲಿರುವ ಪದಾರ್ಥವನ್ನು ಗಾಳಿಯಾಡದಂತೆ ಮುಚ್ಚಿಟ್ಟರೆ ಬಾಟ್ಯುಲಿಸಂ ತರುವ ಬ್ಯಾಕ್ಟೀರಿಯಾ ಬೆಳೆಯಲು ದಾರಿಯಾಗುತ್ತದೆ. ಅದರ ವಿಷಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹಲಸು, ಚಿಕ್ಕುವಿಗೂ ಇದೇ ಮಾತು. ಅವನ್ನು ಮಗ ಮನೆಯಲ್ಲಿರುವಾಗಲೇ ಮಾಡಿ ಬಡಿಸಿ. ಕಳಿಸುವುದಾದರೆ ದೋರಗಾಯಿ ಮಾವಿನದೋ ನೆಲ್ಲಿಕಾಯಿಯದೋ ಕಳಿಸಿ. ಚಟ್ನಿಯನ್ನು ವಿಮಾನದವರು ದ್ರವದ ಲೆಕ್ಕಕ್ಕೇ ಹಿಡಿಯುತ್ತಾರೆ. ಕೈಚೀಲದಲ್ಲಿ 100 ಮಿಲಿಗಿಂತ ದೊಡ್ಡ ಡಬ್ಬಿ ಬಿಡುವುದಿಲ್ಲ, ದೊಡ್ಡ ಸೂಟ್‌ಕೇಸಿಗೆ ಹಾಕಿ. ಅಲ್ಲಿ ಇಳಿದಾಗ ಕಸ್ಟಮ್ಸ್ ಫಾರಂನಲ್ಲಿ ತಿಂಡಿ ಇದೆಯೆಂದು ಬರೆಯಲು ಮಗನಿಗೆ ಹೇಳಿ.

ಪ್ರಶ್ನೆ: ನಮ್ಮ ಸ್ತ್ರೀಶಕ್ತಿ ಸಂಘದವರು ಅನಾನಸ್ಸಿನ ಸಿಹಿ-ಖಾರ ಚಟ್ನಿ ಮಾಡಿ ಮಾರಬೇಕೆಂದಿದ್ದೇವೆ. ಏನೇನು ಬೇಕು?
— ಹೊಸಮನೆ, ಭದ್ರಾವತಿ

ಉತ್ತರ: ಓದಿ ಬಹಳ ಸಂತೋಷವಾಯಿತು. 2020ರಲ್ಲಿ ಶುರುವಾದ ಕಿರು ಆಹಾರ ಉದ್ದಿಮೆಗಳ ಕೇಂದ್ರ ಯೋಜನೆಯಲ್ಲಿ ಶಿವಮೊಗ್ಗ ಜಿಲ್ಲೆಗೆ ಆರಿಸಿದ ಬೆಳೆಯೇ ಅನಾನಸ್. ಸಾಲ, ಸಹಾಯಧನದ ಈಗಿನ ನಿಯಮವನ್ನು ಕೃಷಿ ಇಲಾಖೆಯಲ್ಲಿ ವಿಚಾರಿಸಿ. ಮಾರುವ ಮೊದಲು ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಲೇಬೇಕು, ಮನೆಯಲ್ಲಿ ಮಾಡಿದರೂ ಸರಿ.

ಮಾವಿನ ಚಟ್ನಿಗೆ ಎಫ್‌ಎಸ್‌ಎಸ್‌ಎಐನವರು ಇಟ್ಟಿರುವ ಮಟ್ಟವನ್ನು ನೀವೂ ಕಣ್ಣೆದುರು ಇಟ್ಟುಕೊಳ್ಳಿ. ಹಣ್ಣು ಶೇ. 40ಕ್ಕೆ ಕಡಿಮೆಯಿರಬಾರದು, ಕರಗಿದ ಘನಾಂಶ ಶೇ. 50ಕ್ಕೆ ಕಡಿಮೆಯಿರಬಾರದು, ಪಿಎಚ್ 4.6 ದಾಟಬಾರದು. ಘನಾಂಶ ನೋಡಲು ಕೈಯಲ್ಲಿ ಹಿಡಿಯುವ ರಿಫ್ರಾಕ್ಟೋಮೀಟರ್ ಸಿಗುತ್ತದೆ, ಸಂಘದ ದುಡ್ಡಿನಲ್ಲಿ ಮೊದಲು ಅದನ್ನು ಕೊಳ್ಳಿ. ಲೇಬಲ್ಲಿನ ಬಣ್ಣ ಆಮೇಲೆ ನೋಡಿಕೊಳ್ಳೋಣ.

ಗಾಜಿನ ಬಾಟಲಿಗಳನ್ನು ನೀರಿನಲ್ಲಿ ಮುಳುಗಿಸಿ ಹದಿನೈದು ನಿಮಿಷ ಕುದಿಸಿ, ಬೋರಲು ಹಾಕಿ ಪೂರ್ತಿ ಒಣಗಿಸಿ. ಬಟ್ಟೆಯಿಂದ ಒರೆಸಿದರೆ ಕುದಿಸಿದ್ದೆಲ್ಲ ದಂಡ. ಚಟ್ನಿ ಸುಡುಸುಡು ಇರುವಾಗಲೇ, ಬಾಟಲಿಯೂ ಬೆಚ್ಚಗಿರುವಾಗಲೇ ತುಂಬಿ. ತಣ್ಣಗಿನ ಗಾಜಿಗೆ ಸುರಿದರೆ ಸೀಳುತ್ತದೆ. ಪ್ರತಿ ಸಲ ಮಾಡಿದ್ದರಲ್ಲಿ ಮೂರು ಬಾಟಲಿ ಮಾರದೆ ಇಟ್ಟುಕೊಳ್ಳಿ. ಅಡುಗೆಮನೆಯ ಕಪಾಟಿನಲ್ಲೇ ಇಡಿ, ಫ್ರಿಜ್ಜಿನಲ್ಲಲ್ಲ. ತಿಂಗಳಿಗೊಂದರಂತೆ ಎರಡನ್ನು ತೆಗೆದು ಗುಳ್ಳೆ, ವಾಸನೆ, ಬಣ್ಣ ನೋಡಿ ತಾರೀಖು ಹಾಕಿ ಬರೆದಿಡಿ. ಮೂರನೇ ಬಾಟಲಿಯನ್ನು ಮಳೆಗಾಲದ ನಡುವೆ ತೆಗೆಯಿರಿ, ಗಾಳಿಯಲ್ಲಿ ತೇವ ಹೆಚ್ಚಿರುವಾಗ. ಅಲ್ಲಿಯವರೆಗೆ ಲೇಬಲ್ಲಿನ ಮೇಲೆ ಎರಡು ತಿಂಗಳಿಗಿಂತ ಹೆಚ್ಚಿನ ಅವಧಿ ಅಚ್ಚು ಹಾಕಿಸಬೇಡಿ.